ಮೂರನೆಯ ಕನ್ನಡಕ

ಮಾನ್ಯ ಆರೋಗ್ಯಾಧಿಕಾರಿಗಳೇ,

ಬಳ್ಳಾರಿಯಲ್ಲಿ ನಿಮ್ಮ ಅಧೀನದ ಆಸ್ಪತ್ರೆಯೊಂದರಲ್ಲಿ ನನ್ನ ತಂಗಿ ನೀಲಾವತಿಯ ಮಗಳು ಪೂಜಿತಾಳಿಗೆ ಬಾಯಿಹುಣ್ಣಿನ ಬೆಳಕಿನ ಚಿಕಿತ್ಸೆ ನಿಂತುಹೋಗಿದೆ. ಯಂತ್ರ ಕೆಟ್ಟಿಲ್ಲ, ಕರೆಂಟೂ ಇದೆ. ಇಲ್ಲದ್ದು ಒಂದು ಕನ್ನಡಕ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ; ಅಲ್ಲಿನ ನರ್ಸಮ್ಮನವರ ಋಣ ನಮ್ಮ ಮೇಲಿದೆ.

ಪೂಜಿತಾಳಿಗೆ ರಕ್ತದ ಕ್ಯಾನ್ಸರ್. ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ಕಡಿಮೆ, ಮಾತು ಬಂದಿಲ್ಲ. ಕೀಮೋದಿಂದಾಗಿ ಈಗ ತುಟಿ, ನಾಲಿಗೆ, ಗಂಟಲೆಲ್ಲ ಹುಣ್ಣು. ಬಾಯೊಳಗೆ ಕೆಂಪು ಬೆಳಕು ಹಾಯಿಸಿದರೆ ನೋವು ಇಳಿಯಬಹುದು ಎಂದು ವೈದ್ಯರು ಹೇಳಿದಾಗ ನಮಗೆ ಹೋದ ಜೀವ ಬಂದಂತಾಯಿತು. ಆದರೆ ಆ ಬೆಳಕು ಕಣ್ಣಿಗೆ ಬೀಳಬಾರದು. ಕೋಣೆಯಲ್ಲಿರುವ ಎಲ್ಲರೂ ಅದಕ್ಕೆಂದೇ ಮಾಡಿದ ಕನ್ನಡಕ ಹಾಕಬೇಕು. ನಿಮ್ಮ ಕಚೇರಿ ಕಳಿಸಿದ್ದು ಎರಡು: ಚಿಕಿತ್ಸೆ ಕೊಡುವವರಿಗೊಂದು, ರೋಗಿಗೊಂದು. ತಾಯಿ ಹೊರಗೆ. ಅಮ್ಮನ ಕೈ ಗಲ್ಲಕ್ಕೆ ತಾಗದೆ ಬಾಯಿ ತೆರೆಯದ ಮಕ್ಕಳೂ ಇರುತ್ತಾರೆಂದು ಒಬ್ಬರಿಗೂ ಹೊಳೆಯಲಿಲ್ಲವೇ? ಅಥವಾ ಅಂಥ ಮಕ್ಕಳಿಗೆ ಕ್ಯಾನ್ಸರ್ ಬರಕೂಡದೆಂದು ತಾವು ಆದೇಶವೇನಾದರೂ ಹೊರಡಿಸಿದ್ದೀರಾ?

ತಂಗಿ ಸುಮ್ಮನೆ ಕೂರಲಿಲ್ಲ. ಬ್ರೂಸ್‌ಪೇಟೆಯಲ್ಲಿ ವೆಲ್ಡಿಂಗ್ ಮಾಡುವವರ ಕಪ್ಪು ಕನ್ನಡಕ ಕೊಂಡು, ಹಾಕಿಕೊಂಡೇ ಕೋಣೆಯ ಬಾಗಿಲಲ್ಲಿ ನಿಂತಳು.

"ಇದು ನಡಿಯಂಗಿಲ್ಲ ತಾಯಿ, ಈ ಬೆಳಕಿಗೆ ಬ್ಯಾರೆ ಗ್ಲಾಸೇ ಬೇಕು. ನಿಮ್ಮ ಕಣ್ಣು ಹೋದ್ರ ಮಗಳ್ನ ಯಾರು ನೋಡ್ತಾರ?" ಎಂದರು ನರ್ಸಮ್ಮ.

ಅವರು ಹೇಳಿದ್ದು ಸರಿಯೇ. ಅವರ ಕನ್ನಡಕ ತೆಳುಬಣ್ಣದ್ದು, ಹಾಕಿಕೊಂಡವರ ಕಣ್ಣು ಹೊರಗೆ ಕಾಣುತ್ತವೆ. ತಂಗಿಯ ಕಪ್ಪು ಗಾಜಿನ ಹಿಂದೆ ಕಣ್ಣೇ ಕಾಣದು. ಅಷ್ಟರಲ್ಲಿ ಪೂಜಿತಾ ಆ ಕಪ್ಪು ಮುಖ ನೋಡಿ, ಅಮ್ಮನೆಂದು ಗುರುತು ಸಿಗದೆ, ಕಿರುಚಿ ಗೋಡೆಗೆ ಅಂಟಿಕೊಂಡಳು. ಅಂದಿನಿಂದ ಆಸ್ಪತ್ರೆಯ ದಾಖಲೆಯಲ್ಲಿ ಅವಳು 'ಸಹಕರಿಸದ ರೋಗಿ'. ಸಹಕರಿಸದವರು ಯಾರು ಸ್ವಾಮಿ?

ಅಂದು ಸಂಜೆಗೆ ಮತ್ತೆ ಅಮ್ಮನ ಮಡಿಲಿಗೆ ಬಂದಳು ನಿಜ. ಆದರೆ ಗಂಜಿ ಬಿಟ್ಟಿದ್ದಾಳೆ, ಎಂಜಲೂ ನುಂಗಲಾರಳು. ಹುಣ್ಣು ಮಾಯುವವರೆಗೆ ಕೀಮೋ ಕೊಡುವಂತಿಲ್ಲ ಎನ್ನುತ್ತಾರೆ ವೈದ್ಯರು. ಕೀಮೋ ನಿಂತಿದೆ. ರೋಗ ನಿಂತಿಲ್ಲ.

ನಿನ್ನೆ ತಂಗಿ ಫೋನಿನಲ್ಲಿ, "ಅಣ್ಣಾ, ಅಕಿ ಅಳಾದೂ ಬಿಟ್ಟಾಳ. ನಂಗ ಅಂಜಿಕಿ ಆಗಾಕತ್ತೈತಿ" ಎಂದಳು. ನನಗೂ ಭಯವಾಗಿದೆ. ಅವಳು ಅಳುತ್ತಿದ್ದಾಗ ನಮಗೆ ಧೈರ್ಯವಿತ್ತು.

ಸಮಿತಿ ಬೇಡ, ವರದಿ ಬೇಡ. ಇನ್ನೊಂದು ಕನ್ನಡಕ ಕಳಿಸಿ. ಅಂಗವೈಕಲ್ಯವಿರುವ ಮಗುವಿನ ಜೊತೆ ತಾಯಿ ಒಳಗಿರಲಿ ಎಂದು ಒಂದು ಸಾಲಿನ ಆದೇಶ ಮಾಡಿ. ಇವತ್ತೇ ಮಾಡಿ. ಕಡತ ನಿಮ್ಮ ಮೇಜು ತಲುಪುವವರೆಗೆ ಕಾಯುತ್ತೀರಾದರೆ, ಮೂರನೆಯ ಕನ್ನಡಕದ ಅಗತ್ಯ ತಾನಾಗಿಯೇ ತಪ್ಪುತ್ತದೆ.

ಇಂತಿ,
ನಿಮ್ಮ ನಿಯಮಕ್ಕೆ ತಲೆಬಾಗಿ ಬಾಗಿಲ ಹೊರಗೇ ನಿಂತಿರುವ
ಗಾದಿಲಿಂಗ, ಪೂಜಿತಾಳ ಸೋದರಮಾವ
ಹಚ್ಚೊಳ್ಳಿ, ಸಿರುಗುಪ್ಪ ತಾಲ್ಲೂಕು