ಅಪ್ಪನ ತಟ್ಟೆಗೆ ಟರ್ಕಿ ಕೋಳಿ

ವಿಮಾನ ನಗರ, ಪುಣೆ
೯ ಜನವರಿ ೨೦೨೫

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ದೊಡ್ಡ ಮಾವ ಎಣ್ಣೆ ತರಿಸಿಕೊಟ್ಟರೇ? ಕಾಪುವಿನಲ್ಲಿ ಈಗ ಬೆಳಗಿನ ಹೊತ್ತು ತಂಪಿರಬಹುದು, ಕಾಲಿಗೆ ಬಟ್ಟೆ ಸುತ್ತಿಕೋ. ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಹಾಗೇ ಇರಲಿ, ಓದಿದರೆ ಸಾಕು.

ನಾನು ಚೆನ್ನಾಗಿದ್ದೇನೆ. ಹಾಗೆಂದರೆ, ಬೆಳಿಗ್ಗೆ ನಮ್ಮ ಹೋಟೆಲಿನ ಬಾಗಿಲು ತೆಗೆಯುತ್ತೇನೆ, ರಾತ್ರಿ ಹಾಕುತ್ತೇನೆ. ನಡುವೆ ಏನಾಯಿತೆಂದು ಯಾರಾದರೂ ಕೇಳಿದರೆ ಹೇಳಲು ತೋಚುವುದಿಲ್ಲ. ಅಪ್ಪನೂ ಹಾಗೆಯೇ. ಎರಡನೇ ಸಲ ಎದೆನೋವು ಬಂದು ಆಸ್ಪತ್ರೆಯಿಂದ ಮರಳಿದಾಗ, ಅವರು ಹೋಟೆಲಿನಲ್ಲಿ ಕದ್ದು ಮಟನ್ ಸುಕ್ಕ ತಿನ್ನುತ್ತಿದ್ದದ್ದು ನಿನಗೆ ತಿಳಿಯಿತು. "ನೀವು ಸಾಯೂದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದು ನೀನು ತವರಿಗೆ ಹೊರಟುಹೋದೆಯಲ್ಲ, ಅಂದಿನಿಂದ ಅವರು ಮಟನ್ ಮುಟ್ಟಿಲ್ಲ. ಬೇರೆ ಏನನ್ನೂ ಬೇಕೆಂದು ಕೇಳಿಯೂ ಇಲ್ಲ.

ಕುರಿ ಬೇಡ, ಕರಿದದ್ದು ಬೇಡ, ಮೀನು ಮತ್ತು ಚರ್ಮ ತೆಗೆದ ಕೋಳಿ ಆಗಬಹುದು ಎಂದಿದ್ದಾರೆ ಡಾಕ್ಟರು. ಬಂಗುಡೆಯನ್ನು ಬಾಳೆಲೆಯಲ್ಲಿ ಸುತ್ತಿ ಬೇಯಿಸಿಕೊಟ್ಟೆ, ತಿಂದರು. ಕೋಳಿಸಾರು ಕೊಟ್ಟೆ, ತಿಂದರು. ಚೆನ್ನಾಗಿದೆಯೋ ಇಲ್ಲವೋ, ಒಂದು ಮಾತಿಲ್ಲ. ಕ್ರಿಸ್‌ಮಸ್‌ಗೆ ಒಂದು ಆಫೀಸಿನವರು ಪಾರ್ಟಿಗೆ ಬೇಕೆಂದು ಹೇಳಿದ್ದಕ್ಕೆ ತರಿಸಿದ ಟರ್ಕಿ ಕೋಳಿಗಳಲ್ಲಿ ಒಂದು ಫ್ರೀಜರಿನಲ್ಲಿ ಉಳಿದಿತ್ತು. ಅದರ ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆಯಂತೆ. ತೆಳ್ಳಗೆ ಕೊಯ್ದು, ರಸ್ಕಿನ ಪುಡಿ ಮೆತ್ತಿ, ಎಣ್ಣೆಯಲ್ಲಿ ಕರಿಯದೆ ಓವನ್ನಿನಲ್ಲಿಟ್ಟೆ. ತೆಗೆದು ನೋಡಿದರೆ ಕಟ್ಟಿಗೆ. ಅಪ್ಪ ಅದನ್ನೂ ಅಗಿದು ಅಗಿದು ಪೂರ್ತಿ ತಿಂದು ಕೈ ತೊಳೆದರು. ಸಾರಿಗೆ ಹುಳಿ ಚೂರು ಹೆಚ್ಚಾದರೆ ಇಡೀ ಪಾತ್ರೆಯನ್ನೇ ವಾಪಸು ಕಳಿಸುತ್ತಿದ್ದ ಮನುಷ್ಯ. ನನಗೆ ಆಗ ಹೆದರಿಕೆಯಾಯಿತು ಅಮ್ಮಾ. ಆಸ್ಪತ್ರೆಯಲ್ಲೂ ಅಷ್ಟು ಆಗಿರಲಿಲ್ಲ.

ನಿನ್ನೆ ಉಳಿದ ಮಾಂಸದಲ್ಲಿ ಮತ್ತೆ ಮಾಡಿದೆ. ಈ ಸಲ ಮಜ್ಜಿಗೆಯಲ್ಲಿ ನೆನೆಹಾಕಿ, ಕಾಳುಮೆಣಸು, ಬೆಳ್ಳುಳ್ಳಿ ಹಚ್ಚಿ, ಮೊಟ್ಟೆಯ ಬಿಳಿಯಲ್ಲಿ ಅದ್ದಿ, ರಸ್ಕಿನ ಪುಡಿಗೆ ಓಟ್ಸ್ ತರಿ ಬೆರೆಸಿ ಅದರಲ್ಲಿ ಹೊರಳಿಸಿ, ಮೇಲೆ ಒಂದೇ ಚಮಚ ಎಣ್ಣೆ ಸವರಿದೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ ಬಂತು. ಅಪ್ಪ ಒಂದು ತುಂಡು ತಿಂದು ತಟ್ಟೆಯನ್ನು ಸ್ವಲ್ಪ ದೂಡಿ, "ಇದಕ್ಕೆ ಉಪ್ಪು ಯಾರು ಹಾಕೂದು, ನಿನ್ನ ಅಜ್ಜನಾ?" ಎಂದರು. ಉಪ್ಪು ಕಡಿಮೆ ಮಾಡಿಸಿದ್ದು ಡಾಕ್ಟರು ಎಂದು ನಾನು ಹೇಳಲಿಲ್ಲ. ಒಳಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಅಳು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ಲಿಂಬೆ ಹೋಳು ತಂದು ತಟ್ಟೆಯ ಮೇಲೆ ಹಿಂಡಿದೆ. ಇನ್ನೆರಡು ತುಂಡು ತಿಂದರು.

ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ಬಿ.ಪಿ. ಮಾತ್ರೆ ತಪ್ಪಿಸಬೇಡ.

ನಿನ್ನ ಕಾಲು ಮುಟ್ಟಿ,
ಅಕ್ಷಯ

ತಾ.ಕ.: ಇಪ್ಪತ್ತೆರಡಕ್ಕೆ ಅಪ್ಪನಿಗೆ ಬೈಪಾಸ್. "ಅಮ್ಮನಿಗೆ ತಿಳಿಸಲಾ?" ಎಂದು ಕೇಳಿದೆ. "ಬೇಡ, ಸುಮ್ಮನೆ ಗಾಬರಿ ಆಗ್ತಾಳೆ" ಎಂದರು. ಆಮೇಲೆ, ಉಡುಪಿ ಬಸ್ಸು ಈಗ ಇಲ್ಲಿಗೆ ಎಷ್ಟು ಗಂಟೆಗೆ ಬಂದು ಮುಟ್ತದೆ ಎಂದು ಕೇಳಿದರು. ಇಪ್ಪತ್ತರ ಬೆಳಿಗ್ಗೆ ನಾನು ಸ್ಟ್ಯಾಂಡಿನಲ್ಲಿ ಇರುತ್ತೇನೆ.