ಸತುವಿನ ಹೊಗೆ

ಜೂನ್ 9, ಸಂಜೆ
ಕುಣಿಗಲ್ ಕೆಲಸ, ಮೂರನೇ ದಿನ. ಬಟ್ಟೆ ಅಂಗಡಿಯೊಳಗೆ ಒಂದು ಅಟ್ಟ. ಕಬ್ಬಿಣದ ತೊಲೆ ಮೇಲೆ ಸತು ಹಚ್ಚಿದ ಜಿ.ಐ. ಶೀಟ್ ಹಾಸಿ ವೆಲ್ಡಿಂಗ್, ಅದರ ಮೇಲೆ ಕಾಂಕ್ರೀಟ್. ನಾಳಿದ್ದೇ ಕಾಂಕ್ರೀಟ್. ವೆಲ್ಡರ್ ಹೊನ್ನಯ್ಯ ಕೇಳಿದ, "ಸತು ಉಜ್ಜಿ ತೆಗ್ದು ಮಾಡೋಣ್ವಾ ಸ್ವಾಮಿ? ಹೊಗೆ ಜಾಸ್ತಿ ಬತ್ತದೆ." ಎರಡು ದಿನ ಹಿಡಿಯುತ್ತೆ, ಬೇಡ ಎಂದೆ. ಗಾಳಿಗೆ ವೆಲ್ಡಿಂಗ್ ಸರಿ ಕೂರುತ್ತಿರಲಿಲ್ಲ. ಶಟರ್ ಎಳೆಸಿದ್ದೂ ನಾನೇ. ಅವನು ಒಳಗೆ. ನಾನು ಹೊರಗೆ, ಟೀ ಅಂಗಡಿಯಲ್ಲಿ.

ಜೂನ್ 10, ಬೆಳಿಗ್ಗೆ 8
ಹೊನ್ನಯ್ಯ ಬರಲಿಲ್ಲ. ಹೆಂಡತಿ ಪುಟ್ಟತಾಯಮ್ಮನ ಫೋನ್. "ಚಳಿಜ್ವರ ಗುರುಪ್ರಕಾಶಣ್ಣ. ಬಾಯೆಲ್ಲ ಸಿಹಿ ಸಿಹಿ ಅಂತವ್ರೆ." ಸತು ಹೊಗೆಯ ಜ್ವರ, ಒಂದು ದಿನಕ್ಕೆ ಇಳಿಯುತ್ತೆ, ಹಾಲು ಕೊಡಿ ಎಂದೆ. ಉಳಿದ ವೆಲ್ಡಿಂಗ್ ನಾನೇ ಮುಗಿಸಬೇಕು. ಶಟರ್ ಪೂರ್ತಿ ತೆಗೆದಿಟ್ಟು.

ಜೂನ್ 12
ಇಳಿಯಲಿಲ್ಲ. ಉಸಿರಾಡಲು ಆಗುತ್ತಿಲ್ಲವೆಂದು ಅವನ ಊರು ನಿಟ್ಟೂರಿನಿಂದ ತುಮಕೂರಿನ ಆಸ್ಪತ್ರೆಗೆ ಕರೆತಂದೆ. ಆಕ್ಸಿಜನ್ ಹಾಕಿದ್ದಾರೆ. ಡಾಕ್ಟರ್ ವಾಣಿಶ್ರೀ ಕೇಳಿದರು, "ಎಲ್ಲಿ ವೆಲ್ಡಿಂಗ್ ಮಾಡ್ತಿದ್ರು? ಮುಚ್ಚಿದ ಜಾಗನಾ?"
"ಇಲ್ಲ ಮೇಡಂ. ಬಯಲಲ್ಲಿ."
ಗುಬ್ಬಿಯಲ್ಲಿ ವರ್ಕ್‌ಶಾಪ್ ಹಾಕುವ ಮುಂಚೆ ಆರು ವರ್ಷ ಕಾರ್ ಕಂಪನಿಯಲ್ಲಿದ್ದೆ. ಕಾರಿನ ಬಾಡಿಗೂ ಇಂಥದ್ದೇ ಸತು ಹಚ್ಚಿದ ಶೀಟು. ವೆಲ್ಡಿಂಗ್ ನಡೆಯುವ ಕಡೆಯೆಲ್ಲ ಹೊಗೆ ಎಳೆಯುವ ಕೊಳವೆ. ಅದು ಯಾಕೆಂದು ಹೊಸಬರಿಗೆ ಹೇಳಿಕೊಡುತ್ತಿದ್ದವನು ನಾನು.

ಜೂನ್ 15
ಡಾಕ್ಟರಿಗೆ ಬೀಡಿಯ ಮೇಲೆ ಅನುಮಾನ. ಪುಟ್ಟತಾಯಮ್ಮ ವಾರ್ಡಿನಲ್ಲೇ ಬೈಯುತ್ತಿದ್ದರು. "ಮಗಳ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿ ಬೀಡಿ ಬಿಟ್ರಲ್ಲ. ಕದ್ದು ಸೇದ್ತಿದ್ರಾ?"
ಹೊನ್ನಯ್ಯ ನನ್ನನ್ನು ನೋಡಿದ. ಗೋಡೆಯ ಕಡೆ ತಿರುಗಿಕೊಂಡ.

ಜೂನ್ 16, ಬೆಳಿಗ್ಗೆ
ಡಾಕ್ಟರ ಕೋಣೆಗೆ ಹೋಗಿ ಹೇಳಿದೆ. ಶಟರ್, ಸತು, ಎಲ್ಲ. ಅವರು ಪೆನ್ ಕೆಳಗಿಟ್ಟರು. "ನಾಲ್ಕು ದಿನ ಸುಮ್ನಿದ್ರಲ್ಲ ನೀವು." ಔಷಧಿ ಬದಲಾಯಿಸಿದರು.

ಜೂನ್ 24
ಡಿಸ್ಚಾರ್ಜ್. ನಾಲ್ಕು ಮೆಟ್ಟಿಲಿಗೆ ಏದುಸಿರು. ಇನ್ನು ವೆಲ್ಡಿಂಗ್ ಮುಟ್ಟುವಂತಿಲ್ಲ ಎಂದಿದ್ದಾರೆ. ಮೂವತ್ತು ವರ್ಷ ಅವನು ಬೇರೆ ಕೆಲಸ ಮಾಡಿದವನಲ್ಲ. ನಿಟ್ಟೂರಿಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ಪುಟ್ಟತಾಯಮ್ಮನದು ಬೀಡಿಯ ಮಾತೇ. ಡಾಕ್ಟರಿಗೆ ಹೇಳಿದ್ದನ್ನು ಅವರಿಗೆ ಇನ್ನೂ ಹೇಳಿಲ್ಲ.

ಜುಲೈ 6, ಮಧ್ಯಾಹ್ನ
ಇವತ್ತು ಹೋಗಿ ಹೇಳಿದೆ. ಪುಟ್ಟತಾಯಮ್ಮ ರಾಗಿ ಕೇರುತ್ತಿದ್ದರು. ಮೊರ ಕೆಳಗಿಟ್ಟರು. ನನ್ನನ್ನು ಏನೂ ಕೇಳಲಿಲ್ಲ, ಗಂಡನನ್ನು ಕೇಳಿದರು.
"ಅಷ್ಟು ಜನದ ಮುಂದೆ ಬೈದೆ. ಸೇದಿಲ್ಲ ಅಂತ ಒಂದ್ ಮಾತು ಯಾಕ್ ಅನ್ಲಿಲ್ಲ?"
"ಅವ್ರೇ ಹೇಳ್ಲಿ ಅಂತ ಕಾಯ್ತಿದ್ದೆ ಕಣೇ."
ಹೊನ್ನಯ್ಯ ಗೋಡೆ ಹಿಡಿದು ಎದ್ದ. ಮೂಲೆಯಲ್ಲಿದ್ದ ಕುರ್ಚಿ ಎಳೆದು ನನ್ನ ಮುಂದೆ ಹಾಕಿದ. ಅಷ್ಟಕ್ಕೇ ಉಸಿರು ಕಟ್ಟಿತು ಅವನಿಗೆ. "ಕೂತ್ಕಳಿ ಸ್ವಾಮಿ" ಎಂದ. ನಾನು ಅವನ ಹೆಗಲು ಹಿಡಿದು ಆ ಕುರ್ಚಿಯಲ್ಲಿ ಅವನನ್ನೇ ಕೂರಿಸಿದೆ.