ಇವತ್ತಿನಿಂದ ಅರ್ಧ ಮಾತ್ರೆ

ಗುಬ್ಬೀ,

ಒಳ್ಳೆ ನಿದ್ದೆಯಲ್ಲಿದ್ದೀಯ, ಎಬ್ಬಿಸಲು ಮನಸ್ಸಾಗಲಿಲ್ಲ. ಆಸ್ಪತ್ರೆಗೆ ಹೋಗಿ ಮಧ್ಯಾಹ್ನದೊಳಗೆ ಬರುತ್ತೇನೆ. ಒಳಗಿನ ಚಿಲಕ ಹಾಕಬೇಡ.

ಬೆಳಗಿನ ಮಾತ್ರೆ ಅರ್ಧ ಮಾತ್ರ ತಗೋ. ಮುರಿದು ಬಟ್ಟಲಲ್ಲಿ ಇಟ್ಟಿದ್ದೇನೆ. ನಿನ್ನ ರಕ್ತದ ರಿಪೋರ್ಟ್ ಬಂತೆಂದು ಡಾಕ್ಟರಮ್ಮ ಫೋನ್ ಮಾಡಿದ್ದರು. ಈ ಔಷಧಿಯನ್ನು ಕರಗಿಸಿ ಹೊರಗೆ ಹಾಕುವ ಶಕ್ತಿ ನಿನ್ನ ಮೈಗೆ ಹುಟ್ಟಿನಿಂದಲೇ ಕಡಿಮೆಯಂತೆ. ಬೇರೆಯವರಿಗೆ ಸರಿಹೋಗುವಷ್ಟು ಕೊಟ್ಟರೆ ನಿನ್ನಲ್ಲಿ ದಿನದಿನವೂ ಉಳಿದು ಗುಡ್ಡೆಯಾಗುತ್ತದಂತೆ. ಕೈಕಾಲು ಮರಗಟ್ಟುವುದು ಅದಕ್ಕೇ. ಸೋಮಾರಿ ಅಂತ ನಿನ್ನೆ ಬೈದೆನಲ್ಲ, ಅದು ನನ್ನ ತಪ್ಪು.

"ಇದು ವಂಶದಲ್ಲಿ ಬರುತ್ತೆ ಅಜ್ಜೀ, ಅವಳ ಅಪ್ಪನಿಗೂ ಹೀಗಾಗ್ತಿತ್ತಾ?" ಅಂತ ಕೇಳಿದರು. ಫೋನ್ ಇಟ್ಟು ಟ್ರಂಕು ತೆರೆದೆ.

ನಿಮ್ಮಪ್ಪನಿಗೂ ಇದೇ ಮಾತ್ರೆ. ಒಡಹುಟ್ಟಿದ ತಮ್ಮ, ಅವನು ಚಮಚ ಹಿಡಿಯಲಾಗದೆ ಕೂತರೆ, ಮಾತ್ರೆ ಉಗುಳಿ ಕಾಯಿಲೆ ಹೆಚ್ಚಿಸಿಕೊಂಡಿದ್ದಾನೆ ಅಂತ ನಾಲಿಗೆ ಎತ್ತಿಸಿ ನೋಡಿ, ಇನ್ನೊಂದು ನುಂಗಿಸುತ್ತಿದ್ದೆ. "ನುಂಗಿದ್ದೇ ಹೆಚ್ಚಾಯ್ತು ಕಣಕ್ಕಾ" ಅನ್ನುತ್ತಿದ್ದ. "ನಾಟಕ ಸಾಕು ಮಾಡೋ" ಅನ್ನುತ್ತಿದ್ದೆ. ಅವನು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಈಗ ಯಾರ ಮುಂದೆ ಒಪ್ಪಿಕೊಳ್ಳಲಿ, ನಿನಗೇ ಬರೆದೆ.

ಅವನ ಹಳೆಯ ಔಷಧಿ ಚೀಟಿಗಳು ಟ್ರಂಕಿನಲ್ಲಿದ್ದವು. ಡಾಕ್ಟರಮ್ಮನಿಗೆ ತೋರಿಸಲು ಎಲ್ಲ ತೆಗೆದುಕೊಂಡು ಹೋಗುತ್ತಿದ್ದೇನೆ.

ಹಾಲು ಒಲೆ ಮೇಲಿದೆ, ಬಿಸಿ ಮಾಡಿಕೊಂಡು ಕುಡಿ.

ಜೈಲರ್ ಅಂತ ನನ್ನನ್ನು ಅಣಕಿಸುತ್ತೀಯಲ್ಲ, ಇವತ್ತು ಬಂದು ಬಾಯಿ ತೆರೆ ಅನ್ನುವುದಿಲ್ಲ. ತಗೊಂಡೆ ಅಂತ ನೀನು ಹೇಳಿದರೆ ಸಾಕು, ನಂಬುತ್ತೇನೆ.

ಅತ್ತೆ